ನಿವ್ವಳ ತೂಕ

ರಾತ್ರಿ ಹನ್ನೊಂದೂವರೆಗೆ ಶಟರ್ ಬಡಿದ ಕಾನ್‌ಸ್ಟೇಬಲ್
ಕೇಳಿದ್ದು ನನ್ನನ್ನಲ್ಲ, ನನ್ನ ತಕ್ಕಡಿಯನ್ನು.
‘ರಾಯ್ಕರೇ, ಅರ್ಧ ಗಂಟೆ. ತೂಗಿ ಸಹಿ ಹಾಕಿದರಾಯ್ತು.’
ರಥಬೀದಿಯಿಂದ ಅತ್ತಾವರದ ತನಕ ಜೀಪಿನಲ್ಲಿ
ಬಾಣಂತಿಯ ಹಾಗೆ ಅದನ್ನು ಮಡಿಲಲ್ಲಿಟ್ಟು ಕೂತಿದ್ದೆ.
ವರ್ಷ ವರ್ಷ ಸರಕಾರದ ಮುದ್ರೆ ಬೀಳುವ ತಕ್ಕಡಿ,
ಅಲುಗಿದರೆ ಲೆಕ್ಕ ತಪ್ಪುತ್ತದೆ.

ಮೂರನೇ ಮಹಡಿ. ಬಾಡಿಗೆ ಕೋಣೆ.
ಮೇಜಿನ ಮೇಲೆ ಎಲುಬುಗಳ ಚಿತ್ರದ ದಪ್ಪ ಪುಸ್ತಕ,
ಎಣ್ಣೆ ಹೀರಿದ ಕಾಗದದಲ್ಲಿ ಅರ್ಧ ಗೋಳಿಬಜೆ,
ಕಿಟಕಿಯ ಸರಳಿಗೆ ಒಣಹಾಕಿದ ಒಂದೇ ಸಾಕ್ಸ್.
ಮಂಚದ ತುದಿಯಲ್ಲಿ ಹುಡುಗ
ಬಾಯಲ್ಲಿ ಏನೂ ಇಲ್ಲದೆ ದವಡೆ ಅರೆಯುತ್ತಿದ್ದ.
ಮೈತುಂಬ ಬೆವರು, ಆದರೂ ನಡುಕ.
ಕೊರಳ ಬುಡದ ಗುಳಿಯಲ್ಲಿ
ಒಂದು ಚಮಚ ನೀರು ನಿಲ್ಲುತ್ತಿತ್ತು.

ನನ್ನನ್ನು ನೋಡಿದ.
ನಾನು ತಕ್ಕಡಿಯ ಕಾಲು ಸಮ ಮಾಡುತ್ತಿದ್ದೆ.

‘ಫ್ಯಾನ್ ಆರಿಸಿ’ ಅಂದೆ. ಗಾಳಿಗೆ ಅಂಕೆ ನಿಲ್ಲುವುದಿಲ್ಲ.
ಆಗ ಕೇಳಿಸಿತು ಕೋಣೆ:
ಅವನ ಹಲ್ಲು.
ಗೋಡೆಯಾಚೆ ಯಾರೋ ಫೋನಿನಲ್ಲಿ,
‘ಇಲ್ಲಮ್ಮ, ಓದ್ತಾ ಇದ್ದೇನೆ, ಊಟ ಆಯ್ತು.’

ಕವರ್ ಸಮೇತ ಹತ್ತು ಗ್ರಾಮು ನಲವತ್ತು.
ಯಾರೂ ಉಸಿರಾಡಲಿಲ್ಲ.
ಹತ್ತು ಮುಟ್ಟಿದರೆ ಹತ್ತು ವರ್ಷಕ್ಕೆ ಕಮ್ಮಿಯಿಲ್ಲ,
ಒಳಗಿದ್ದರೆ ಜಡ್ಜರ ಮರ್ಜಿ ಎಂದು
ಬರೆಯುತ್ತಿದ್ದ ಪೊಲೀಸಿನವ ನನಗೆ ಮೆಲ್ಲಗೆ ಬಿಡಿಸಿ ಹೇಳಿದ.
ಕವರ್ ತೆಗೆದು, ನಿವ್ವಳ: ಒಂಬತ್ತು ಎಂಬತ್ತಾರು.
ನನ್ನಜ್ಜ ಗುಲಗಂಜಿ ಇಟ್ಟು ತೂಗಿದವರು.
ಕಮ್ಮಿ ಬಿದ್ದದ್ದು ಒಂದು ಗುಲಗಂಜಿ, ಮೇಲೊಂದು ಚೂರು.
ಅಷ್ಟರಲ್ಲಿ ಸರಿಯಾದ ಮೂಗುಬೊಟ್ಟೂ ಆಗುವುದಿಲ್ಲ.

ಅರಗು ಕಾಯಿಸಿ ಮೊಹರು ಒತ್ತಿದರು.
ಹುಟ್ಟಿದಂದಿನಿಂದ ಮೂಗಿಗೆ ಒಗ್ಗಿದ ನಮ್ಮ ಕಸುಬಿನ ವಾಸನೆ.
ತಲೆ ಸುತ್ತಿತು.

ಹೇಳಬೇಕಾದ್ದು ಇನ್ನೊಂದುಂಟು.
ಮನ್ವಿತ್ ಸುವರ್ಣ. ಹೆಸರು ಗೊತ್ತಾದದ್ದು ಮಹಜರಿನಲ್ಲಿ.
ಮುಖ ಆಟಿಯಲ್ಲೇ ಗೊತ್ತು. ನೊಣಕ್ಕೂ ವ್ಯಾಪಾರವಿಲ್ಲದ ತಿಂಗಳು,
ಕೊಡೆ ಮಡಚದೆ ಒಳಗೆ ಬಂದಿದ್ದ.
ಅಂಗೈಯಲ್ಲಿ ಹೆಂಗಸರ ಸರ,
ಸಡಿಲವಾದ ಕೊಂಡಿಗೆ ಯಾರೋ ನೂಲು ಸುತ್ತಿ ಗಂಟು ಹಾಕಿದ್ದು.
‘ಅಮ್ಮನಿಗೆ ಆಪರೇಷನ್’ ಅಂದ.
ಬಿಲ್ಲು ಕೇಳಲಿಲ್ಲ ನಾನು.
ಒರೆಗಲ್ಲಿಗೆ ಉಜ್ಜಿದೆ, ಚಿನ್ನ ಸುಳ್ಳು ಹೇಳಲಿಲ್ಲ.
ಒಂದೂವರೆ ಪವನು. ಒಂದೂಕಾಲಿನ ದುಡ್ಡು ಕೊಟ್ಟೆ.
ಅವನು ಎಣಿಸಲೂ ಇಲ್ಲ.
ಸಂಜೆಯೊಳಗೆ ಕರಗಿಸಿಯೂ ಆಯಿತು, ನೂಲು ಮಾತ್ರ
ಇಕ್ಕಳದ ಡಬ್ಬಿಯಲ್ಲಿ ಎಷ್ಟೋ ದಿನ ಉಳಿದಿತ್ತು.
ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂದರೆ
ನಮ್ಮ ಕೇರಿಯಲ್ಲಿ ಜಗಳವೇ ಆಗುತ್ತದೆ.

ಎರಡು ವರ್ಷಕ್ಕೆ ಸಮನ್ಸ್ ಬಂತು.
ತಕ್ಕಡಿ ನನ್ನದು, ತೂಕ ಸರಿ, ಸಹಿ ನನ್ನದೇ ಅಂದೆ.
‘ಆರೋಪಿಯನ್ನು ಅದಕ್ಕೂ ಮೊದಲು ಕಂಡದ್ದುಂಟಾ?’
ಬಾಗಿಲ ಹತ್ತಿರದ ಬೆಂಚಿನಲ್ಲಿ ಒಬ್ಬರು ಹೆಂಗಸು,
ಬರಿಗೊರಳಿಗೆ ಸೆರಗು ಹೊದ್ದು ಕೂತಿದ್ದರು.
ಆಪರೇಷನ್ ಆದ ಮೈಯಲ್ಲ ಅದು.
‘ಇಲ್ಲ’ ಅಂದೆ.
ಟೈಪಿನವ ಎರಡಕ್ಷರ ಹೊಡೆದು ಮುಂದೆ ಹೋದ.
ಹುಡುಗ ಈಗ ಮೈತುಂಬಿಕೊಂಡಿದ್ದ, ಎದುರಿನ ಎರಡು ಹಲ್ಲಿಲ್ಲ.
ಆವತ್ತಿನ ಹಾಗೆಯೇ ನೋಡಿದ,
ಆವತ್ತಿನ ಹಾಗೆಯೇ ಏನೂ ಹೇಳಲಿಲ್ಲ.

ತೂಗಿ ಬಂದ ಆ ರಾತ್ರಿ ತಟ್ಟೆ ತೊಳೆದಿದ್ದೆ.
ನಮ್ಮಲ್ಲಿ ತೊಳೆದ ನೀರನ್ನು ಚೆಲ್ಲುವ ಕ್ರಮವಿಲ್ಲ,
ತಳದಲ್ಲಿ ಕೂತ ಹುಡಿಗೂ ಕೊಳ್ಳುವವರುಂಟು.
ಚರಂಡಿಗೆ ಹೊಯ್ದೆ. ಮತ್ತೊಮ್ಮೆ ತೊಳೆದು ಹೊಯ್ದೆ.
ತಕ್ಕಡಿ ಇವತ್ತಿಗೂ ಸರಿ ಉಂಟು.
ಅಂಗಡಿಯಲ್ಲಿ ಗಿರಾಕಿ ಇಲ್ಲದಾಗಲೂ
ಫ್ಯಾನ್ ಆರಿಸಿ ಕೂರುತ್ತೇನೆ ಒಮ್ಮೊಮ್ಮೆ.
ಊಟದ ಬುತ್ತಿ ತಂದ ಹೆಂಡತಿ
‘ಇದೆಂತದು, ಈ ಸೆಕೆಯಲ್ಲಿ’ ಎನ್ನುತ್ತ
ಸ್ವಿಚ್ಚು ಒತ್ತುತ್ತಾಳೆ.