ಕನ್ನಡಿಯೊಳಗಿನ ಗಂಟು

ಟೌನ್ಸ್‌ವಿಲ್‌ನಲ್ಲಿ ಬರೆದದ್ದು
ನೂರಮೂವತ್ತು ಕಿಲೋಮೀಟರ್ ಆಚೆ
ಚಾರ್ಟರ್ಸ್ ಟವರ್ಸ್‌ನಲ್ಲಿ ಮತ್ತೊಮ್ಮೆ ಬರೆದುಕೊಳ್ಳುತ್ತದೆ.
ಇಲ್ಲಿ ಕಡಲು, ಅಲ್ಲಿ ಒಣಗುಡ್ಡ;
ಚಂಡಮಾರುತ ಬಂದರೆ ಒಂದಾದರೂ ಉಳಿಯಲಿ ಎಂದು.

ಅಲ್ಲಿನ ಯಂತ್ರ ಇರುವುದು ಹಳೇ ಬ್ಯಾಂಕಿನ ನೆಲಮಾಳಿಗೆಯಲ್ಲಿ,
ಒಂದು ಕಾಲಕ್ಕೆ ಚಿನ್ನ ತೂಗುತ್ತಿದ್ದರಂತೆ.
ಈಗ ನಮ್ಮ ಆಸ್ಪತ್ರೆಯ ಎದೆಗೂಡುಗಳು, ಮುರಿದ ಮಣಿಕಟ್ಟುಗಳು,
ಇನ್ನೂ ಹೆಸರಿಡದ ಕೂಸುಗಳ ಮಸುಕು ಪಟ.
ಕಾಯುವವಳು ನೊರೀನ್ ಹ್ಯಾಡೊ.
ಅರವತ್ತರ ಹತ್ತಿರ. ಫೋನಿನಲ್ಲಿ ಮೊದಲ ಮಾತು ಯಾವಾಗಲೂ
"ಎಷ್ಟು ಹಿಂದೆ?"

ಅಂದರೆ, ನನ್ನ ಡಿಸ್ಕಿಗಿಂತ ತನ್ನದು ಎಷ್ಟು ಸೆಕೆಂಡು ಹಿಂದೆ.
ನಾಲ್ಕು ಅಂದರೆ ಟೀ ಕುಡಿಯುತ್ತಾಳೆ.
ನಲವತ್ತು ಅಂದರೆ ನನ್ನನ್ನು ಬಯ್ಯುತ್ತಾಳೆ.

ಫೆಬ್ರವರಿಯಲ್ಲಿ ಚಂಡಮಾರುತ ಬಂತು.
ಕಿಟಕಿಗೆ ಟೇಪು, ಬಾಗಿಲಿಗೆ ಮರಳಿನ ಚೀಲ, ಜನರೇಟರಿಗೆ ಡೀಸೆಲ್ಲು.
ಏನೂ ಆಗಲಿಲ್ಲ. ಅದು ಬೋವೆನ್ ಕಡೆ ತಿರುಗಿ
ಯಾರದೋ ಮಾವಿನ ತೋಪು ಮುರಿದು ಹೋಯಿತು.

ಆಗಿದ್ದು ಆಮೇಲೆ,
ಬಿಸಿಲು ಕಾಯುತ್ತಿದ್ದ ಒಂದು ಬುಧವಾರ.
ಹದಿನೇಳನೆಯ ಖಾನೆ ಅಳಿಸಬೇಕಿತ್ತು, ಹದಿನಾರನ್ನು ಅಳಿಸಿದೆ.
ಕೈ ನನ್ನದೇ. "ಖಚಿತವೇ?" ಎಂದು ಅದು ಕೇಳಿತ್ತು ಕೂಡ.

ಕನ್ನಡಿಗೆ ವಿವೇಕ ಇಲ್ಲ.
ನಕ್ಕರೆ ನಗುತ್ತದೆ, ಹಣೆ ಚಚ್ಚಿಕೊಂಡರೆ
ಅಷ್ಟೇ ನಿಷ್ಠೆಯಿಂದ ಚಚ್ಚಿಕೊಳ್ಳುತ್ತದೆ.
ನನ್ನ ತಪ್ಪು ಆಗಲೇ ಗುಡ್ಡ ಹತ್ತುತ್ತಿತ್ತು.

"ಎಷ್ಟು ಹಿಂದೆ?" ಅಂದಳು.
ನೋಡಿದೆ. ಹನ್ನೊಂದು ನಿಮಿಷ.
ಮಿಂಗೇಲಾ ಹತ್ತಿರ ರಸ್ತೆ ಅಗೆಯುವವನೊಬ್ಬನ ಜೆಸಿಬಿ
ಕೇಬಲ್ಲಿಗೆ ತಾಗಿ, ಹಳೇ ಸಪೂರ ದಾರಿಯಲ್ಲಿ
ಎಲ್ಲ ಕುಂಟುತ್ತ ಹೋಗುತ್ತಿತ್ತು.
ಬೆಳಗಿನಿಂದ ಅವನನ್ನು ಶಪಿಸುತ್ತಿದ್ದೆವು, ಇಬ್ಬರೂ.

"ಕಿತ್ತುಬಿಡು."
ಮೆಟ್ಟಿಲಿಳಿಯುವ ಬೂಟಿನ ಸದ್ದು. ಅವಳ ಮಂಡಿ ಸರಿಯಿಲ್ಲ.
ಒಂದೊಂದೇ. ಹದಿನಾಲ್ಕು ಎಣಿಸಿದೆ.
ಆಮೇಲೆ ಟಕ್.

ಕನ್ನಡಿಯೊಳಗಿನ ಗಂಟು ಕೈಗೆ ಸಿಕ್ಕೀತೇ ಅನ್ನುತ್ತಿದ್ದಳು ದೊಡ್ಡಮ್ಮ.
ಸಿಕ್ಕಿತು. ಇಡೀ ರಾತ್ರಿ ಗುಡ್ಡ ಇಳಿದು ಬಂತು
ಮಣಿಕಟ್ಟು, ಎದೆಗೂಡು, ಕೂಸು.
ಕಡೆಯ ಹನ್ನೊಂದು ನಿಮಿಷ ಮಾತ್ರ ಬರಲಿಲ್ಲ: ಮೂರು ಪಟ.
ಇಬ್ಬರನ್ನು ಕರೆಸಿ ಮತ್ತೆ ತೆಗೆದರು.
ಮೂರನೆಯವನು ಬರಲೊಲ್ಲೆ ಅಂದನಂತೆ,
ಕೈ ಈಗ ನೋಯುತ್ತಿಲ್ಲ, ಬಿಡಿ.

ಶುಕ್ರವಾರ ಕೇಬಲ್ಲು ಸರಿಯಾಯಿತು.
"ಎಷ್ಟು ಹಿಂದೆ?"
ನಾಲ್ಕು, ಅಂದೆ.
ಅವಳು ಸ್ವಲ್ಪ ಹೊತ್ತು ಟೀ ಕುಡಿಯಲಿಲ್ಲ.