ಕಹಿ ಸರೋವರದ ಉಪ್ಪು

ಇವತ್ತು ಬಲೆಗೆ ಬಿದ್ದುದರಲ್ಲಿ ಅರ್ಧಕ್ಕರ್ಧ
ನನ್ನಜ್ಜನಿಗೆ ಹೆಸರೇ ಗೊತ್ತಿರದ ಮೀನು.

ಲೆಬನಾನಿನ ಸೂರ್ ಬಂದರಿನ ಕಟ್ಟೆಯ ಮೇಲೆ
ಕಾಲು ಇಳಿಬಿಟ್ಟು ಮುಳ್ಳು ಕತ್ತರಿಸುತ್ತೇನೆ:
ಮೊದಲು ಬೆನ್ನಿನದು, ಆಮೇಲೆ ಹೊಟ್ಟೆಯದು,
ಕೊನೆಗೆ ಬಾಲದ ಹತ್ತಿರ, ಮರೆತರೆ
ರಾತ್ರಿಯಿಡೀ ಕೈ ಉರಿಸುವ ಆ ಚಿಕ್ಕದು.
ಫರಜ್ ಮಾವ ನಗುತ್ತಾನೆ. "ಸುಲಾಫಾ,
ಅದು ಬಟ್ಟೆಯ ಕತ್ತರಿಯಲ್ಲವೇನೇ?"
ಹೌದು. ಅಮ್ಮನದು.

ನಮ್ಮ ವಂಶದ ಹಿರೀಕ, ಮಿತ್ವಲ್ಲಿ,
ನೈಲ್ ಸೀಮೆಯವನು. ಹಿಡಿದು ತಂದು ಕಾಲುವೆ ಅಗೆಸಿದರಂತೆ.
ಸಲಿಕೆ ಸಿಗದ ದಿನ ಬೆರಳಲ್ಲೇ ತೋಡಿ
ಅಂಗಿಯ ಮಡಿಲಲ್ಲಿ ಮರಳು ಹೊತ್ತನಂತೆ.
ಕೂಲಿ ಕೇಳಿದ್ದಕ್ಕೆ ಹೊಡೆತ ತಿಂದು
ಒಂದಿರುಳು ದೋಣಿ ಹತ್ತಿ ಇಲ್ಲಿಗೆ ಬಂದ.
ತಾನು ತೋಡಿದ್ದು ಹಡಗಿಗೆ ಎಂದೇ
ಸಾಯುವ ತನಕ ನಂಬಿದ್ದ.

ಹಡಗು ದಾಟಿದವು. ಮೀನು ದಾಟಲಿಲ್ಲ, ಬಹುಕಾಲ.
ನಡುದಾರಿಯಲ್ಲಿ ಕಹಿ ಸರೋವರ,
ಅದರ ತಳದಲ್ಲಿ ಹೆಪ್ಪುಗಟ್ಟಿದ ಉಪ್ಪು, ಆಳೆತ್ತರಕ್ಕೂ ಮೀರಿ.
ಮರಳಿನ ಗೋಡೆ ಬಿದ್ದರೂ
ಉಪ್ಪಿನದು ನಿಂತೇ ಇತ್ತು.
ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರಲ್ಲ,
ಅಲ್ಲಿ ನೀರೇ ಉಪ್ಪು ತಿಂದಿತು,
ದಿನಕ್ಕಿಷ್ಟು,
ಯಾರಿಗೂ ಹೇಳದೆ.

ಆಮೇಲೆ ಬಂದವು ನೋಡಿ.
ಬಲೆಯನ್ನೇ ಕಡಿದು ನುಂಗುವ ಹಲ್ಲಿನ ಬುಡ್ಡ ಮೀನು.
ಮದುಮಗಳ ಹಾಗೆ ಗರಿಬಿಚ್ಚಿ ನಿಲ್ಲುವ ವಿಷದ ಸಿಂಹ ಮೀನು.
ಕಡಲಡಿಯ ಹಸುರು ಮೇಯ್ದು ಮೇಯ್ದು
ಬಂಡೆಯನ್ನು ಬೋಳು ಮಾಡಿದ, ನನ್ನ ತೊಡೆಯ ಮೇಲಿನ ಇವು.
ಮತ್ತೊಂದು, ಕೆಂಪಗಿನದು, ಗಲ್ಲಕ್ಕೆ ಎರಡೆಳೆ ಮೀಸೆ,
ನಮ್ಮ ಸುಲ್ತಾನ್ ಇಬ್ರಾಹಿಂ ಮೀನಿನ
ದಾಯಾದಿಯ ಹಾಗೆ ಬಂದು
ಅದೇ ಬುಟ್ಟಿಯಲ್ಲಿ, ಅದೇ ಹೆಸರಲ್ಲಿ ಮಲಗಿದೆ.
ಯಾವುದು ಯಾವುದೆಂದು ನನ್ನ ಬೆರಳಿಗೆ ಗೊತ್ತು.
ಗಿರಾಕಿ ಕೇಳಿದರೆ ಹೇಳುತ್ತೇನೆ.
ಕೇಳುವುದಿಲ್ಲ.

ಅಜ್ಜನ ಕಾಲದ ಬೆಳ್ಳಿಮೈಯ ಹಿಂಡು,
ಮೈತುಂಬ ಚಿನ್ನದ ಗೆರೆಯದು,
ಈ ವರ್ಷ ಎರಡೇ ಸಲ ಕಂಡೆ.
ಒಂದು ಸಲ ಬೆಕ್ಕಿನ ಬಾಯಲ್ಲಿ.

"ಮಿತ್ವಲ್ಲಿಯ ಕೂಲಿ ಬಾಕಿ ಇತ್ತಲ್ಲ ಮಾವ,
ಇದೇ ಇರಬಹುದೇ?" ಅಂದೆ.
ಮಾವ ಬೀಡಿ ಬಾಯಿಂದ ತೆಗೆದ.
"ಕೂಲಿಗೆ ಮುಳ್ಳಿರುತ್ತದೆಯೇನೇ?"

ಉತ್ತರ ಹೇಳಹೊರಟವಳು ಹಾಗೇ ನಿಂತೆ.
ಮಾತಿನ ಭರದಲ್ಲಿ
ಆ ಚಿಕ್ಕದನ್ನು ಮರೆತಿದ್ದೆ.