ಸೀದ ತಳ

ಹೆದರಬೇಡ ಹುಡುಗಾ, ಮುಟ್ಟುವುದಿಲ್ಲ.
ಬಗ್ಗಿ ನೋಡುತ್ತೇನೆ, ಅಷ್ಟೆ.
ಎಲ್ಲರೂ ಕಿಟಕಿಯ ಹತ್ತಿರ ಫೋಟೋ ತೆಗೆಸಿಕೊಳ್ಳುತ್ತಾರೆ,
ಮೂರು ಸೀಟು ಎಣಿಸಿ, ಇಷ್ಟು ಇಕ್ಕಟ್ಟೇ ಎಂದು ನಕ್ಕು ಹೋಗುತ್ತಾರೆ.
ನನ್ನದು ಕೆಳಗಿದೆ.
ಹಾಲು ಸೀದ ಪಾತ್ರೆಯ ಹಾಗೆ ಕಾಣುವ
ಈ ತಳ.

ಲೋವೆಲ್ ಊರು, ಮೆರಿಮ್ಯಾಕ್ ಹೊಳೆಯ ದಂಡೆ.
ಅಮ್ಮ ಹತ್ತಿ ಗಿರಣಿಯಲ್ಲಿ ಇಪ್ಪತ್ತಾರು ವರ್ಷ ದುಡಿದು
ಎರಡೂ ಕಿವಿಗಳನ್ನು ಮಗ್ಗಗಳಿಗೇ ಕೊಟ್ಟು ಬಂದಳು.
ಗಿರಣಿ ಮುಚ್ಚಿತು. ಬೀಗಕ್ಕೆ ತುಕ್ಕು.
ನಾನು, ಒಡೀಲ್ ಗೋದ್ರೋ, ಹೊಸ ಕಾರ್ಖಾನೆ ಸೇರಿದೆ,
ಬಿಳಿ ಟೋಪಿ, ಬಿಳಿ ಕೈಗವಸು.
ಕೆಲಸ ಏನೆಂದು ಕೇಳಿದವರಿಗೆ
'ಜೇನುಹುಟ್ಟಿಗೆ ಅಂಟು ತುಂಬುತ್ತೇನೆ' ಅನ್ನುತ್ತಿದ್ದೆ.

ಸುಳ್ಳಲ್ಲ.
ಕಿರುಬೆರಳ ತುದಿಯೂ ಹೋಗದ ಗೂಡುಗಳು,
ಒಂದು ನೌಕೆಯ ಮೈಗೆ ಮೂರೂವರೆ ಲಕ್ಷಕ್ಕೂ ಮಿಕ್ಕಿ.
ಪಿಸ್ತೂಲಿನಂಥ ಯಂತ್ರದ ಮೂತಿಯನ್ನು ಬುಡಕ್ಕಿಳಿಸಿ
ಬಿಸಿ ಅಂಟು ಒತ್ತುತ್ತ ಮೆಲ್ಲಗೆ ಮೇಲೆತ್ತಬೇಕು.
ಅವಸರ ಮಾಡಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ.
ಸಾಸಿವೆಯಷ್ಟು ಪೊಳ್ಳು ಸಾಕು, ಎನ್ನುತ್ತಿದ್ದ ಮೇಸ್ತ್ರಿ ಝಿಗ್ಮುಂಟ್.
ವಾಕ್ಯ ಮುಗಿಸುತ್ತಿರಲಿಲ್ಲ.
ಎಕ್ಸ್‌ರೇ ತೆಗೆದು, ಪೊಳ್ಳಿಗೆ ಕೆಂಪು ಪೆನ್ಸಿಲಿನ ಸುತ್ತು.
ಹಲ್ಲಿನ ಡಾಕ್ಟರ ಬೈರಿಗೆಯಲ್ಲಿ ಕೊರೆ, ಮತ್ತೆ ತುಂಬು.

ಒಂದು ಮಂಗಳವಾರ ನನಗೆ ಕೆಮ್ಮು ಬಂತು.
ಕೈ ಅದುರಿತೋ ಇಲ್ಲವೋ.
ಎಕ್ಸ್‌ರೇ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಅವರು ಮರಳುವ ದಿನ ಟಿವಿ ಮುಂದೆ ಅಮ್ಮ, ನಾನು.
ಚಂದ್ರನ ಮೇಲೆ ನಡೆದದ್ದು ಊರಿಗೆಲ್ಲ ಹಬ್ಬ;
ನನ್ನ ಕೆಲಸ ಶುರುವಾಗುವುದು ಹಿಂದಿರುಗುವಾಗ.
ಬೆಂಕಿ ಸುತ್ತಿಕೊಂಡರೆ ರೇಡಿಯೋ ಕಡಿದುಹೋಗುತ್ತದೆ,
ಕೂಗಿದರೂ ಕೇಳದು, ಮೂರು ನಿಮಿಷ, ನಾಲ್ಕು.
ವರದಿಗಾರ ಬಾಯಿ ಮುಚ್ಚಿದ.
ತುಟಿ ನೋಡಿ ಮಾತು ತಿಳಿಯುವ ಅಮ್ಮ
'ಯಾಕೆ ಸುಮ್ಮನಾದ? ಮುಗಿಯಿತೇ?' ಎಂದಳು.
ನಾನು ಅವಳ ಕಡೆ ತಿರುಗಲಿಲ್ಲ. ಮಡಿಲಲ್ಲಿ ಕೈಯಿಟ್ಟು
ಗೂಡು ಗೂಡಾಗಿ ತುಂಬುತ್ತಿದ್ದೆ, ಬುಡದಿಂದ,
ಮೆಲ್ಲಗೆ, ಕೆಮ್ಮದೆ.

ಆಮೇಲೆ ಮೂರು ಕೊಡೆ ಬಿಚ್ಚಿಕೊಂಡವು. ಕಡಲು, ಹಡಗು, ಚಪ್ಪಾಳೆ.
ಪೇಪರಿನವರು ಬರೆದರು: ಕವಚ ಸುಟ್ಟಿದೆ, ಲೆಕ್ಕ ಹಾಕಿದಷ್ಟೇ.
'ಸುಟ್ಟುಹೋಗುವುದಕ್ಕೆ ಸಂಬಳವೇ?' ಅಮ್ಮ ನಕ್ಕಳು.
ಅವಳು ನೆಯ್ದ ದುಪ್ಪಟಿಗಳು ಯಾರ ಮೈಮೇಲೆ ಹರಿದವೋ
ಅವಳಿಗೂ ಗೊತ್ತಿಲ್ಲ.

ಹುಡುಗಾ, ಆ ಮಂಗಳವಾರದ ಗೂಡು ಹುಡುಕುತ್ತಿದ್ದೇನೆ.
ಅಂಚಿನಿಂದ ಹದಿನೇಳನೇ ಸಾಲು, ಅಥವಾ ಹದಿನೆಂಟು.
ಎಲ್ಲ ಒಂದೇ ಇದ್ದಿಲು.
ಇದು ನನ್ನ ನೌಕೆಯೇ ಅಲ್ಲದಿರಬಹುದು. ಫಲಕದ ಅಕ್ಷರ ಸಣ್ಣದು,
ಕನ್ನಡಕ ಬಸ್ಸಿನಲ್ಲಿ ಬಿಟ್ಟೆ.

ಬಾಗಿಲು ಮುಚ್ಚುವ ಹೊತ್ತೇ?
ಗೋಡೆಯ ಗಡಿಯಾರದಲ್ಲಿ ಇನ್ನೂ ನಾಲ್ಕು ನಿಮಿಷ ಇದೆ.
ಮಾತಾಡಿಸಬೇಡ.
ನಿಂತಿರುತ್ತೇನೆ.